ಅಲ್ಲಾಡದ ಹಾಗೆ

ಹಗ್ಗದ ಗಂಟು ಬಿಚ್ಚಿಕೊಳ್ಳಲಿಲ್ಲ. ಕಾರಿನ ಹಿಂದಿನ ಸೀಟಿನ ಮೇಲೆ ಒಂದು ಮೊಣಕಾಲೂರಿ, ತಲೆಯನ್ನು ಕಾರಿನ ಚಾವಣಿಗೆ ತಾಗಿಸಿಕೊಂಡು ಗಂಟಣ್ಣ ಉಗುರು ಹಾಕಿ ಎಳೆಯುತ್ತಲೇ ಇದ್ದ. ಎಳೆದಷ್ಟೂ ಅದು ಬಿಗಿಯಾಗುತ್ತಿತ್ತು. ಬಿಗಿಯಾಗದೆ ಏನು ಮಾಡೀತು? ಕಟ್ಟಿದವನು ಅವನೇ.

"ಅವಳು ಕೆಳಗೆ ಬರೋದ್ರೊಳಗೆ ಆ ಕೂಸಿನ ಸೀಟು ಕಾರಲ್ಲಿ ಇರಬಾರದು ನೋಡಪ್ಪಾ" ಎಂದು ಹೆಂಡತಿಯ ಅಕ್ಕ ವಾರ್ಡಿನ ಬಾಗಿಲಲ್ಲಿ ಅವನ ತೋಳು ಹಿಡಿದು ಹೇಳಿದ್ದಳು. "ಅದನ್ನ ನೋಡಿದ್ರೆ ಅವಳು ಅಲ್ಲೇ ಕುಸೀತಾಳೆ. ಡಿಸ್ಚಾರ್ಜ್ ಆಗೋಕೆ ಇನ್ನು ಸ್ವಲ್ಪ ಹೊತ್ತು ಇದೆ. ನೀನು ಹೋಗಿ ಮೊದಲು ಆ ಕೆಲಸ ಮಾಡು." ಅವನು ತಲೆಯಾಡಿಸಿ, ಬಟ್ಟೆಯ ಬ್ಯಾಗು, ಫ್ಲಾಸ್ಕು, ದಿಂಬು ಎಲ್ಲವನ್ನೂ ಒಂದೇ ಸಲಕ್ಕೆ ಹೊತ್ತುಕೊಂಡು ಮೆಟ್ಟಿಲಿಳಿದು ಬಂದಿದ್ದ. ಈಚೆಗೆ ಯಾರು ಏನು ಹೇಳಿದರೂ ತಲೆಯಾಡಿಸುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು.

ಅವನು ಮನೆ ಸಾಮಾನು ಸಾಗಿಸುವ ಲಾರಿಯ ಮೇಸ್ತ್ರಿ. ಬೀರು, ಮಂಚ, ಫ್ರಿಜ್ಜು, ಯಾರದೋ ಅಜ್ಜಿಯ ಕಾಲದ ನಿಲುವುಗನ್ನಡಿ, ಎಲ್ಲವನ್ನೂ ಒಂದೂರಿನಿಂದ ಇನ್ನೊಂದೂರಿಗೆ ಗೀರು ಬೀಳದ ಹಾಗೆ ಮುಟ್ಟಿಸಿದವನು. ಭಾರದ್ದು ಕೆಳಗೆ, ಹಗುರದ್ದು ಮೇಲೆ, ಒಡೆಯುವಂಥದ್ದು ನಡುವೆ, ಸಂದಿಗಳಿಗೆಲ್ಲ ಹಳೇ ಕಂಬಳಿ. "ಗಾಡೀಲಿ ಅಲ್ಲಾಡೋ ಸಾಮಾನು ಇರಬಾರದು" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಜೊತೆಯವರು ಗಂಟಣ್ಣ ಎಂದು ಕರೆದೂ ಕರೆದೂ, ಅಪ್ಪ ಅಮ್ಮ ಇಟ್ಟ ಹೆಸರು ಡ್ರೈವಿಂಗ್ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಹೆಂಡತಿಯಂತೂ, "ಕೈ ಕಟ್ಟಿ ಸುಮ್ಮನೆ ಕೂತ್ಕೊಳ್ಳಿ ಅಂದ್ರೆ ನಿಮಗೆ ಅದಕ್ಕೂ ಹಗ್ಗ ಬೇಕು" ಎಂದು ರೇಗಿಸುತ್ತಿದ್ದಳು.

ಮಗುವಿನ ಸೀಟನ್ನು ಕೊಟ್ಟವರು ಮನೆ ಬದಲಾಯಿಸುತ್ತಿದ್ದ ಒಂದು ಸಂಸಾರದವರು. ಮಗ ದೊಡ್ಡವನಾದ, ಇನ್ನು ನಮಗೆ ಬೇಡ ಎಂದಿದ್ದರು. ಅವನು ಅದನ್ನು ತೊಳೆದು ಒಣಗಿಸಿ, ಕಾರಿನ ಬೆಲ್ಟಿಗೆ ಸಿಕ್ಕಿಸಿ, ಹಿಡಿದು ಅಲ್ಲಾಡಿಸಿ ನೋಡಿದ. ಬೆರಳಿನಷ್ಟು ಆಚೀಚೆ ಆಡಿತು. ಅಷ್ಟು ಸಾಕಾಯಿತು. ಲಾರಿಯ ಹಗ್ಗ ತಂದು, ಸೀಟಿನ ಬೆನ್ನಿಗೆ ಎರಡು ಸುತ್ತು ಹಾಕಿ, ಮೊಣಕಾಲು ಕೊಟ್ಟು ಬಿಗಿದ. "ಬೆಲ್ಟ್ ಮಾಡಿದೋರಿಗೆ ತಲೆ ಇರಲಿಲ್ವಾ?" ಎಂದು ಹೆಂಡತಿ ಕೇಳಿದಳು. "ಅವರು ಕಾರ್ಖಾನೇಲಿ ಮಾಡ್ತಾರೆ. ಒಳಗೆ ಕೂರೋದು ಯಾರು ಅಂತ ಅವರಿಗೇನು ಗೊತ್ತು?" ಎಂದ.

ಅಷ್ಟಕ್ಕೇ ಬಿಡಲಿಲ್ಲ. ಒಂದು ಭಾನುವಾರ ಗೋಧಿ ಹಿಟ್ಟಿನ ಚೀಲವನ್ನು ಟವೆಲ್ಲಿನಲ್ಲಿ ಸುತ್ತಿ, ಆ ಸೀಟಿನಲ್ಲಿ ಮಲಗಿಸಿ, ಅದರ ಪಟ್ಟಿಗಳನ್ನು ಹಾಕಿ, ಪಕ್ಕದಲ್ಲಿ ತುಂಬು ಬಸುರಿಯನ್ನು ಕೂರಿಸಿಕೊಂಡು ಆಸ್ಪತ್ರೆಯಿಂದ ಮನೆಯವರೆಗೆ ಕಾರು ಓಡಿಸಿದ. ಹಂಪು ಬಂದಲ್ಲೆಲ್ಲ ನಡೆಯುವವರಿಗಿಂತ ನಿಧಾನ. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾದರು. ಮನೆಯ ಮುಂದೆ ನಿಲ್ಲಿಸಿದಾಗ ಅವಳು ಇಳಿದು ಬಾಗಿಲನ್ನು ಧಡ್ ಎಂದು ಹಾಕಿದಳು. "ಹೋಯ್ತು, ಕೂಸು ಎದ್ದುಬಿಡ್ತು" ಎಂದ ಅವನು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅವನೇ ಕಲಿಸಿದ: ಬಾಗಿಲನ್ನು ಎರಡು ಅಂಗೈಯಲ್ಲಿ ಮೆಲ್ಲಗೆ ದೂಡಬೇಕು, ಕೊಂಡಿ ತಾಗಿದ ಮೇಲೆ ಸೊಂಟ ಕೊಟ್ಟು ಒತ್ತಬೇಕು. ಟಕ್. ಅಷ್ಟೇ ಸದ್ದು. "ಈಗ ಎದ್ದಿಲ್ಲ" ಎಂದು ಅವಳು ಪಿಸುಗುಟ್ಟಿದಳು. ಡಿಕ್ಕಿ ಮಾತ್ರ ಹಟಮಾರಿ. ಬಡಿಯದೆ ಅದು ಮುಚ್ಚುತ್ತಿರಲಿಲ್ಲ. ಸಾಮಾನು ಆಮೇಲೆ ಇಳಿಸಿದರಾಯಿತು, ಮೊದಲು ಮಗು ಒಳಗೆ ಹೋಗಲಿ ಎಂದು ಇಬ್ಬರೂ ತೀರ್ಮಾನಿಸಿದರು. ಆ ಹಿಟ್ಟನ್ನು ಡಬ್ಬಕ್ಕೆ ಸುರಿಯಲು ಅವಳಿಗೆ ಸುಮಾರು ದಿನ ಮನಸ್ಸೇ ಬರಲಿಲ್ಲ.

"ಏನಪ್ಪಾ, ಹುಟ್ಟಿತಾ?" ಎಂದು ಹಿಂದಿನಿಂದ ದನಿ ಬಂತು. ಪಾರ್ಕಿಂಗ್ ಕಾಯುವ ಮುದುಕ, ರಜೆ ಮುಗಿಸಿ ಇವತ್ತೇ ಬಂದಿದ್ದ. ಹೆಂಡತಿಯ ಹೆರಿಗೆ ನೋವಿನ ನಡುವೆಯೂ ಕಾರನ್ನು ರಿವರ್ಸ್ ತೆಗೆದು, ಮೂತಿ ಗೇಟಿನ ಕಡೆಗಿರುವಂತೆ ನಿಲ್ಲಿಸಿದ್ದ ಇವನನ್ನು ಅವನು ಮರೆತಿರಲಿಲ್ಲ. ಹೋಗುವಾಗ ಮಗು ಇರುತ್ತೆ, ಹಿಂದೆ ಮುಂದೆ ಮಾಡಿಕೊಂಡು ಇರೋಕಾಗಲ್ಲ ಎಂದು ಇವನೇ ಅವತ್ತು ಹೇಳಿಕೊಂಡಿದ್ದ.

"ಹ್ಞೂಂ."

"ಏನು ಮಗು?"

"ಹೆಣ್ಣು."

"ಒಳ್ಳೇದಾಯ್ತು. ಮತ್ತೆ ಸೀಟು ಯಾಕೆ ಬಿಚ್ತಾ ಇದ್ದೀಯಾ? ಅಜ್ಜಿ ಮಡಿಲಲ್ಲಿ ಕೂರಿಸ್ಕೊಂಡು ಬರ್ತಾರಾ? ನಮ್ಮ ಮನೇಲೂ ಹಂಗೇ, ಹೆಂಗಸರು ಕೇಳೋದೇ ಇಲ್ಲ." ಮುದುಕ ನಗುತ್ತ ಇನ್ನೊಂದು ಕಾರಿಗೆ ಜಾಗ ತೋರಿಸಲು ಹೋದ. ಗಂಟಣ್ಣ ಟೂಲ್ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಅದರ ತುದಿಯನ್ನು ಗಂಟಿನೊಳಗೆ ತೂರಿಸಿದ.

ಮಗು ಒಂದು ಸಂಜೆ ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ರಾತ್ರಿ ಕಳೆದು, ಮರುದಿನ ಮಧ್ಯಾಹ್ನ ಹೋಗಿಬಿಟ್ಟಿತ್ತು. ಆಪರೇಷನ್ ಆದ ಹೆಂಡತಿಗೆ ಜ್ವರ ಏರಿ ಮೈಮೇಲೆ ಎಚ್ಚರವಿರಲಿಲ್ಲ. ಅವಳಿಗೆ ತೋರಿಸುವುದು ಬೇಡ, ತಡೆದುಕೊಳ್ಳುವ ಶಕ್ತಿ ಇಲ್ಲ ಎಂದರು ಎಲ್ಲರೂ. ಅವನು ತಲೆಯಾಡಿಸಿದ. ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟಳು. ಊರಾಚೆಯ ಮಣ್ಣಿಗೆ ಒಯ್ಯಲು ಜೊತೆಗೆ ಬಂದ ಷಡ್ಡಕ, ಅಕ್ಕನ ಗಂಡ, ಮುಂದಿನ ಸೀಟಿನಲ್ಲಿ ಕೂತು ಮಡಿಲಿಗೆ ಕೊಡು ಎಂದು ಕೈ ಚಾಚಿದ. ಇವನು ಕೊಡಲಿಲ್ಲ. ಹಿಂದಿನ ಬಾಗಿಲು ತೆಗೆದು ಮಗುವನ್ನು ಆ ಸೀಟಿನಲ್ಲಿ ಮಲಗಿಸಿದ. ಪಟ್ಟಿಗಳು ಹಿಟ್ಟಿನ ಚೀಲಕ್ಕೆ ಹೊಂದಿಸಿದಷ್ಟೇ ಉದ್ದವಿದ್ದವು. ಮಗು ಚೀಲಕ್ಕಿಂತ ಸಣ್ಣದು. ಎಳೆದು ಗಿಡ್ಡ ಮಾಡಿದ. ಷಡ್ಡಕ ಅದನ್ನು ನೋಡಿ ಮುಖ ಮುಚ್ಚಿಕೊಂಡು ಅತ್ತ, ಆಮೇಲೆ ಯಾರಿಗೂ ಹೇಳಲಿಲ್ಲ. ಗಂಟಣ್ಣನೂ ಹೆಂಡತಿಗೆ ಹೇಳಿರಲಿಲ್ಲ. ಯಾವ ಬಾಯಲ್ಲಿ ಹೇಳುವುದು? ಈಗ ಗಂಟು ಸಡಿಲವಾಗಿ ಸೀಟು ಕೈಗೆ ಬಂದಾಗ, ಪಟ್ಟಿಗಳು ಇನ್ನೂ ಅಷ್ಟೇ ಗಿಡ್ಡವಾಗಿದ್ದವು.

ಸೀಟನ್ನು ಡಿಕ್ಕಿಯಲ್ಲಿಟ್ಟ. ಒಂದು ಕಡೆ ಬಟ್ಟೆಯ ಬ್ಯಾಗು, ಇನ್ನೊಂದು ಕಡೆ ದಿಂಬು. ನಡುವೆ ಸ್ವಲ್ಪ ಸಂದಿ ಉಳಿಯಿತು. ಹಾಳು ಅಭ್ಯಾಸ, ಅಲ್ಲಿಗೂ ಒಂದು ಕಂಬಳಿ ತುರುಕಿದ. ಡಿಕ್ಕಿಯನ್ನು ಬಡಿದು ಮುಚ್ಚಿದಾಗ ಪಾರ್ಕಿಂಗಿನ ಆ ತುದಿಯವರೂ ತಿರುಗಿ ನೋಡಿದರು.

ಅಷ್ಟರಲ್ಲಿ ಅಕ್ಕ ಗಾಲಿಕುರ್ಚಿ ದೂಡಿಕೊಂಡು ಬಂದಳು. ಕುರ್ಚಿಯಲ್ಲಿ ಹೆಂಡತಿ, ಮಡಿಲಲ್ಲಿ ಅವಳ ಎರಡು ಖಾಲಿ ಕೈ. ಸಂಭ್ರಮದಿಂದ ಎದುರು ಹೋದ ಮುದುಕ ಆ ಮಡಿಲನ್ನು ಕಂಡು ನಡುದಾರಿಯಲ್ಲೇ ನಿಂತ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ನೆಲ ನೋಡಿದ.

ಗಂಟಣ್ಣ ಹಿಂದಿನ ಬಾಗಿಲು ತೆಗೆದ. ಅವಳು ಕಾರಿನ ಚಾವಣಿ ಹಿಡಿದು ಎದ್ದು ನಿಂತು ಒಳಗೆ ನೋಡಿದಳು. ಕಾರಿನ ಸೀಟಿನ ಕವರಿನ ಮೇಲೆ ಹಗ್ಗದ ಗುರುತು ತಗ್ಗಾಗಿ ಉಳಿದಿತ್ತು.

"ಎಲ್ಲಿ?" ಎಂದಳು.

"ಡಿಕ್ಕೀಲಿ ಇಟ್ಟಿದ್ದೀನಿ."

"ನಾನೇ ಹೇಳಿದ್ದು" ಎಂದಳು ಅಕ್ಕ. "ಕೂತ್ಕೋ ಮೊದಲು, ಹೊಲಿಗೆ ಇನ್ನೂ ಹಸಿ ಇದೆ."

ಅವಳು ಕೂರಲಿಲ್ಲ. ಗಂಡನ ಮುಖವನ್ನೇ ನೋಡುತ್ತ, ದನಿ ಏರಿಸದೆ ಹೇಳಿದಳು: "ಮಗೂನ ತಗೊಂಡು ಹೋದಾಗ ನನ್ನ ಕೇಳಲಿಲ್ಲ. ಮಂಚದ ಪಕ್ಕದ ತೊಟ್ಟಿಲು ತೆಗೆದಾಗಲೂ ಕೇಳಲಿಲ್ಲ. ಕಣ್ಣು ಬಿಟ್ಟಾಗೆಲ್ಲ ಏನಾದರೊಂದು ಇರೋದೇ ಇಲ್ಲ. ಇದೊಂದನ್ನಾದ್ರೂ ಕೇಳಬಾರದಿತ್ತೇನ್ರೀ?"

ಹೇಳಲು ಅವನ ಹತ್ತಿರ ಮಾತುಗಳಿದ್ದವು. ನಿನ್ನ ಒಳ್ಳೇದಕ್ಕೆ, ಡಾಕ್ಟರು ಹೇಳಿದರು, ಎಲ್ಲರೂ ಹಾಗೇ ಅಂದರು. ಜಗತ್ತಿನ ಸಾಮಾನನ್ನೆಲ್ಲ ಅದರ ಒಡೆಯರನ್ನು ಕೇಳಿ, ತೋರಿಸಿ, ಆಮೇಲೆ ಎತ್ತುವವನು ಅವನು. ಹೆಂಡತಿಯ ಪಾಲಿಗೆ ಮಾತ್ರ ತಲೆಯಾಡಿಸಿಬಿಟ್ಟಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ಕಟ್ಟಿ" ಎಂದಳು. "ಮೊದಲು ಹೇಗಿತ್ತೋ ಹಾಗೇ."

"ಏನೇ ಇದು, ಖಾಲಿ ಸೀಟು ಪಕ್ಕದಲ್ಲಿಟ್ಕೊಂಡು..."

"ಖಾಲಿ ಅಂತ ನನಗೂ ಗೊತ್ತು ಅಕ್ಕಾ."

ಅವನು ಡಿಕ್ಕಿ ತೆಗೆದ. ಸೀಟನ್ನು ತಂದು ಹಗ್ಗದ ಗುರುತಿನ ಮೇಲೆಯೇ ಕೂರಿಸಿದ. ಕಾರಿನ ಬೆಲ್ಟು ಸಿಕ್ಕಿಸಿದ. ಹಗ್ಗವನ್ನು ಸುತ್ತುವಾಗ ಅದರ ಇನ್ನೊಂದು ತುದಿಯನ್ನು ಆಚೆ ಬಾಗಿಲಿನಿಂದ ಯಾರೋ ಹಿಡಿದರು, ನೋಡಿದರೆ ಮುದುಕ. "ಎಳಿ" ಎಂದ ಗಂಟಣ್ಣ. ಮುದುಕ ಎಳೆದ. ಮೊಣಕಾಲು ಕೊಟ್ಟು ಬಿಗಿದು, ಗಂಟು ಹಾಕಿ, ಹಿಡಿದು ಅಲ್ಲಾಡಿಸಿ ನೋಡಿದ. ಅಲ್ಲಾಡಲಿಲ್ಲ. ಹೆಂಡತಿ ಅದರ ಪಕ್ಕದಲ್ಲಿ ಕೂತಳು. ಅಕ್ಕ ಮುಂದೆ ಕೂತು ಮುಖವನ್ನು ಕಿಟಕಿಗೆ ತಿರುಗಿಸಿದಳು.

ಗೇರು ನ್ಯೂಟ್ರಲ್ಲಿನಲ್ಲಿದೆಯೇ ಎಂದು ಆಡಿಸಿ ನೋಡಿ, ಕೀಲಿ ತಿರುಗಿಸಿದ. ಇಂಜಿನ್ ಹದಕ್ಕೆ ಬರುವವರೆಗೆ ಕಾದ. ಕನ್ನಡಿಯಲ್ಲಿ ಹೆಂಡತಿಯ ಅರ್ಧ ಮುಖ, ಸೀಟಿನ ಅಂಚು. ಹ್ಯಾಂಡ್‌ಬ್ರೇಕ್ ಇಳಿಸಿದ. ಕಾರಿನ ಮೂತಿ ಗೇಟಿಗೇ ಇತ್ತು, ದಾರಿಯೂ ಖಾಲಿಯಿತ್ತು. ಆದರೂ ಮುದುಕ ರಸ್ತೆಯ ನಡುವೆ ಹೋಗಿ ನಿಂತು, ಬಾರದ ಗಾಡಿಗಳಿಗೆ ಕೈ ಅಡ್ಡ ಹಿಡಿದ.

ಮೊದಲನೆಯ ತಿರುವು ದಾಟುವಷ್ಟರಲ್ಲಿ ಅವಳ ಕೈ ಸೀಟಿನೊಳಗೆ ಹೋಗಿತ್ತು. ಬೆರಳುಗಳು ಪಟ್ಟಿಯನ್ನು ಹಿಡಿದು ಮೇಲಿನಿಂದ ಕೆಳಗಿನವರೆಗೆ ಸವರಿದವು, ಮತ್ತೆ ಮೇಲಕ್ಕೆ ಬಂದವು.

"ಇದು ಇಷ್ಟು ಗಿಡ್ಡ ಇರಲಿಲ್ಲ" ಎಂದಳು.

ಹಂಪು ಬಂತು. ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಕಾರು ಏರಿತೋ ಇಳಿಯಿತೋ ಗೊತ್ತಾಗದ ಹಾಗೆ ದಾಟಿತು.

"ಹಿಟ್ಟಿನ ಚೀಲಕ್ಕೆ ಇನ್ನೂ ಇಷ್ಟು ಬಿಟ್ಟಿದ್ವಿ." ಅವಳು ಕನ್ನಡಿಯಲ್ಲಿ ಅವನ ಕಣ್ಣನ್ನು ಹುಡುಕಿದಳು. "ಇದರಲ್ಲೇ ಕರ್ಕೊಂಡು ಹೋದ್ರಾ?"

"ಹ್ಞೂಂ."

ಅಕ್ಕ ಬೆಚ್ಚಿ ಅವನ ಕಡೆ ತಿರುಗಿದಳು. ಅವಳಿಗೂ ಗೊತ್ತಿರಲಿಲ್ಲ.

"ಬೆಲ್ಟ್ ಹಾಕಿದ್ರಾ?"

"ಹಾಕಿದ್ದೆ. ಎರಡೂ ಭುಜಕ್ಕೆ."

"ಹಂಪ್ ಬಂದಾಗ?"

"ನಿಧಾನಕ್ಕೇ ಹೋದೆ. ಒಂದ್ಸಲಾನೂ ತಲೆ ಅಲ್ಲಾಡಲಿಲ್ಲ."

ಅವಳು ಪಟ್ಟಿಯನ್ನು ಬಿಡದೆ ಕೇಳಿದಳು: "ಮುಖ ಹೇಗಿತ್ತು? ಗಾಜಿನ ಪೆಟ್ಟಿಗೇಲಿ ಒಯ್ಯುವಾಗ ನನಗೆ ಬರೀ ಕಾಲು ಕಂಡಿತ್ತು."

"ನಿನ್ನ ಹಾಗೇ. ಹಣೆ ಮಾತ್ರ ನಂದು. ಕೂದಲು ಬಹಳ ಇತ್ತು. ಕಿವಿ ಮೇಲೆ ಬಿದ್ದಿತ್ತು."

ಆಗ ಅವಳು ಅತ್ತಳು. ಜ್ವರ ಬಿಟ್ಟು ಎಚ್ಚರವಾದಾಗಿನಿಂದ ಗೋಡೆ ನೋಡುತ್ತಿದ್ದವಳು, ಈಗ ಸೀಟಿನ ಅಂಚಿಗೆ ಹಣೆಯಿಟ್ಟು, ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು, ದೊಡ್ಡ ದನಿಯಲ್ಲಿ ಅತ್ತಳು. ಅವನಿಗೆ ರಸ್ತೆ ಕಾಣದಾಯಿತು. ಕಣ್ಣು ಕಾಣದೆ ಗಾಡಿ ಓಡಿಸುವವನಲ್ಲ ಅವನು. ಇಂಡಿಕೇಟರ್ ಹಾಕಿ, ಕಾರನ್ನು ಬದಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್ಲಿಗೆ ತಂದ. ಆಮೇಲೆ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅವನೂ ಅತ್ತ. ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಅಕ್ಕ ಕೈ ಚಾಚಿ ಅದನ್ನು ನಿಲ್ಲಿಸಲು ನೋಡಿ, ಎಲ್ಲಿ ಒತ್ತಬೇಕೋ ತಿಳಿಯದೆ, ಆ ಕೈಯನ್ನು ಅವನ ಬೆನ್ನ ಮೇಲಿಟ್ಟಳು.

ಮನೆಯ ಮುಂದಿನ ಬೀದಿ ಇಳಿಜಾರು. ಕಾರನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಮುಂದಿನ ಚಕ್ರವನ್ನು ಗೋಡೆಯ ಕಡೆ ತಿರುಗಿಸಿ, ಗೇರಿನಲ್ಲಿ ಬಿಟ್ಟು, ಹ್ಯಾಂಡ್‌ಬ್ರೇಕ್ ಎಳೆದ. ಇಳಿದು, ಗೇಟಿನ ಬಳಿಯ ಕಲ್ಲನ್ನು ಎತ್ತಿ ತಂದು ಹಿಂದಿನ ಚಕ್ರಕ್ಕೆ ಕೊಟ್ಟ. ಅಕ್ಕ ಬೀಗ ತೆಗೆಯಲು ಮುಂದೆ ಹೋಗಿದ್ದಳು. ಅವನು ಕೈಯ ಮಣ್ಣು ಒರೆಸಿಕೊಂಡು ಎದ್ದು ನೋಡಿದರೆ, ಹೆಂಡತಿ ಆಗಲೇ ಇಳಿದು ತೆರೆದ ಬಾಗಿಲನ್ನು ಹಿಡಿದುಕೊಂಡು ನಿಂತಿದ್ದಳು.

ಅವಳು ಸೀಟನ್ನು ಇನ್ನೊಂದು ಸಲ ನೋಡಿದಳು. ಎರಡು ಅಂಗೈಯನ್ನು ಬಾಗಿಲಿಗೆ ಕೊಟ್ಟು, ಕೊಂಡಿ ತಾಗುವವರೆಗೆ ಮೆಲ್ಲಗೆ ದೂಡಿದಳು. ಸೊಂಟ ಕೊಡಲು ಹೊಲಿಗೆ ಬಿಡಲಿಲ್ಲ. ಭುಜ ಕೊಟ್ಟು ಒತ್ತಿದಳು. ಟಕ್.

ಅವನು ಇದ್ದಲ್ಲೇ ನಿಂತ. ಬ್ಯಾಗು, ಫ್ಲಾಸ್ಕು, ದಿಂಬು ಎಲ್ಲ ಡಿಕ್ಕಿಯಲ್ಲೇ ಇದ್ದವು. ಅವನು ಅವುಗಳನ್ನು ಇಳಿಸಲು ಹೋಗಲಿಲ್ಲ. ಡಿಕ್ಕಿ ಮುಚ್ಚಿದರೆ ಸದ್ದಾಗುತ್ತದೆ.