ಹಾಸಿಗೆ ಅಂಗಡಿಯ ಪುಟದಲ್ಲಿ ಬಿದ್ದ ಬೈಗುಳ

"ಯಾರ್ರೀ ಇದನ್ನ ಬರೆದೋನು? ಹೊರಗೆ ಬರ್ಲಿ!"

ಹಾಸಿಗೆ ಅಂಗಡಿಯ ಯಜಮಾನರು ಫೋನನ್ನು ಮೇಜಿಗೆ ಕುಕ್ಕಿದ ರಭಸಕ್ಕೆ ಪೆನ್ನಿನ ಲೋಟ ಉರುಳಿತು. ಅವರ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದ ಆ ಮೂರೇ ಮೇಜಿನ ಆಫೀಸಿನಲ್ಲಿ ಹೊರಗೆ ಬರುವುದಕ್ಕೆ ಒಳಗು ಎಂಬುದೇ ಇರಲಿಲ್ಲ. ವೆಬ್‌ಸೈಟ್ ಕಟ್ಟುವ ಸಿಡುಕ ಕೂತಲ್ಲೇ ಕೈ ಎತ್ತಿದ. ಆಫೀಸು ಅವನ ಅಕ್ಕನ ಗಂಡನದು. ಸಿಡುಕ ಎಂಬ ಅಡ್ಡಹೆಸರು ಇಟ್ಟವನೂ ಆ ಭಾವನೇ.

"ಓದು," ಅಂದ ಭಾವ ಹಲ್ಲು ಕಚ್ಚಿಕೊಂಡು. "ಜೋರಾಗಿ ಓದು."

'ನಮ್ಮ ಬಗ್ಗೆ' ಎಂಬ ತಲೆಬರಹದ ಕೆಳಗೆ, ಜೋಡಿ ಹಾಸಿಗೆಯ ಚಿತ್ರದ ಪಕ್ಕದಲ್ಲಿ ಹೀಗಿತ್ತು: "ಪುಟ ತೆರೆದ ತಕ್ಷಣ ಫೋನ್ ನಂಬರ್ ಕೊಡು ಅಂತ ಮುಖಕ್ಕೆ ಹಾರುವ ಆ ಡಬ್ಬಿ ಮಾಡಿದವನು ನನ್ನ ಕೈಗೆ ಸಿಗಬೇಕು. ಮನೆಗೆ ಬಂದ ನೆಂಟರನ್ನು ಹೊಸ್ತಿಲಲ್ಲೇ ತಡೆದು ವಿಳಾಸ ಕೇಳುವ ಇಂಥವನನ್ನು ಹೆತ್ತವರಾದರೂ ಯಾರು?"

ಓದುತ್ತ ಸಿಡುಕನಿಗೆ ಒಳಗೊಳಗೇ ಖುಷಿಯಾಯಿತು. ಚೆನ್ನಾಗಿಯೇ ಬಂದಿತ್ತು.

ಆದದ್ದಿಷ್ಟು. ಗಿರಾಕಿ ಬರಹ ಕೊಡುವ ತನಕ ಖಾಲಿ ಪುಟದಲ್ಲಿ ಅರ್ಥವಿಲ್ಲದ ನಾಲ್ಕು ಸಾಲು ತುಂಬಿಡುವುದು ಈ ಕಸುಬಿನ ಪದ್ಧತಿ. ಅರ್ಥವಿರುವುದೇ ತನ್ನ ಹತ್ತಿರ ಇರುವಾಗ ಅದೇಕೆ ಎಂದು ಸಿಡುಕ ತನ್ನ ಕನ್ನಡ ಬ್ಲಾಗಿನಿಂದ ತೆಗೆದು ಸುರಿಯುತ್ತಿದ್ದ. ಈ ಸಲ ಅಳಿಸಲು ಮರೆತ. ನಿನ್ನೆಯಿಂದ ಊರೆಲ್ಲ ನೋಡುತ್ತಿತ್ತು.

"ನಿನ್ನ ಬ್ಲಾಗಿಗಿಷ್ಟು ಬೆಂಕಿ ಹಾಕ!" ಭಾವ ಸಿಡಿದ. "ಬರೀಲೇಬೇಕು ಅಂದ್ರೆ ಇಂಗ್ಲಿಷಲ್ಲಿ ಬರಿ, ನಾಲ್ಕು ಜನ ಓದ್ತಾರೆ. ಈಗ ಓದೋರು ಎಷ್ಟು?"

"ಹನ್ನೊಂದು."

"ಅದರಲ್ಲಿ ನಿನ್ನ ಫೋನು, ನಿನ್ನ ಕಂಪ್ಯೂಟರು ಕಳಿ."

"ಸಿಟ್ಟು ಬಂದಾಗ ನಂಗೆ ಇಂಗ್ಲಿಷ್ ಬರಲ್ಲ ಭಾವ. ಸಿಟ್ಟಿಲ್ದಾಗ ಬರೆಯೋಕೆ ಏನೂ ಇರಲ್ಲ."

ಯಜಮಾನರು ಕುರ್ಚಿ ಎಳೆದು ಕೂತರು. "ನಂಗೊಂದು ಹೇಳಯ್ಯ. ಈ ಬೈಗುಳ ಓದೋಕೆ ಹೋದ್ರೆ ಮೂರು ಸಲ ಅದೇ ಡಬ್ಬಿ ಅಡ್ಡ ಹಾರಿತು. ಅದನ್ನ ಮಾಡಿದೋನು ಯಾರು?"

ಸಿಡುಕ ಕಿವಿ ಕೆರೆದುಕೊಂಡ. "ನಾನೇ."

"ಸಿಕ್ಕನಲ್ಲಪ್ಪ, ನೀನು ಹುಡುಕ್ತಿದ್ದೋನು!"

ಮೂರು ವರ್ಷ ಬ್ಲಾಗಿನಲ್ಲಿ ಬೈದದ್ದೆಲ್ಲ ಊರು ಸುತ್ತಿ ಬಂದು ಕಪಾಳಕ್ಕೆ ಬಿದ್ದಂತಾಯಿತು. ಆದರೂ ಮೆಲ್ಲಗೆ ಕೇಳಿದ: "ಮೂರು ಸಲ ಮುಚ್ಚಿ... ಕೊನೇವರೆಗೂ ಓದಿದ್ರಾ?"

"ಓದ್ದೆ. ನಮ್ಮನೇವಳು ಎರಡು ಸಲ ಓದಿ ನಕ್ಕಳು. ಅದಕ್ಕೇ ನಂಗೆ ಮೈ ಉರೀತಿರೋದು."

ಹನ್ನೊಂದಕ್ಕೆ ಇವರಿಬ್ಬರು ಸೇರಿ ಹದಿಮೂರು, ಅಂದುಕೊಂಡ ಸಿಡುಕ. ಕಂಪ್ಯೂಟರಿನ ಕಡೆ ತಿರುಗಿ ಬೈಗುಳ ಅಳಿಸಿದ. ಆಮೇಲೆ ಡಬ್ಬಿಯನ್ನೂ ಕಿತ್ತು ಹಾಕಿದ.

"ಅದನ್ನ ಯಾಕೋ ತೆಗೆದೆ?" ಭಾವ ಕೂಗಿದ. "ನಂಬರ್ ಹೆಂಗೋ ಸಿಗುತ್ತೆ?"

"ಬೇಕಾದೋರು ಅವರೇ ಫೋನ್ ಮಾಡ್ತಾರೆ."

"ಮತ್ತೆ ಹಾಕು. ಬ್ಲಾಗು ಅಳಿಸು. ಆಗಲ್ಲ ಅಂದ್ರೆ ಬಾಗಿಲು ಅಲ್ಲಿದೆ."

ಭಾವ ವಾರಕ್ಕೆರಡು ಸಲ ಆ ಬಾಗಿಲು ತೋರಿಸುತ್ತಿದ್ದ. ಸಿಡುಕ ಕೆಳಗಿಳಿದು ಚಹಾ ಕುಡಿದು ವಾಪಸಾಗುತ್ತಿದ್ದ. ಈ ಸಲ ಚಾರ್ಜರ್ ಕಿತ್ತು ಬ್ಯಾಗಿಗೆ ತುರುಕಿದ. ಕುರ್ಚಿಯ ಮೇಲಿದ್ದ, ಅಕ್ಕ ಹೊಲಿದುಕೊಟ್ಟಿದ್ದ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡ. ದಿಂಬು ಕಂಡು ಭಾವನ ದನಿ ಇಳಿಯಿತು.

"ನಿಮ್ಮಕ್ಕಂಗೆ ಏನಂತ ಹೇಳ್ಲೋ?"

"ಹನ್ನೊಂದರಲ್ಲಿ ಅವಳೂ ಇದ್ದಾಳೆ ಭಾವ. ಓದ್ಕೊಳ್ತಾಳೆ."

ಮೆಟ್ಟಿಲ ತಿರುವಿನಲ್ಲಿದ್ದಾಗ ಮೇಲಿಂದ ಭಾವನ ಮಾತು ಕೇಳಿಸಿತು. "ಡಬ್ಬಿ ಏನೂ ತೊಂದರೆ ಕೊಡಲ್ಲ ಸಾರ್, ನಮ್ಮ ಸೈಟಲ್ಲೇ ತೋರಿಸ್ತೀನಿ ನೋಡಿ." ಮೌಸ್ ಟಕಟಕ ಒತ್ತುವ ಸದ್ದು. ಆಮೇಲೆ, "ಲೋ! ಇದನ್ನ ಮುಚ್ಚೋದು ಎಲ್ಲೋ?"

ಮುಚ್ಚುವ ಗುರುತು ಬಲಗಡೆಯ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟಿತ್ತು. ಯಾರಿಗೂ ಸಿಗಬಾರದು ಎಂದು ಹಟ ಹಿಡಿದು ಮಾಡಿಸಿದವನು ಭಾವನೇ. ಅಭ್ಯಾಸಬಲದಿಂದ ಸಿಡುಕನ ಬಾಯಿ ತೆರೆಯಿತು. ಮುಚ್ಚಿಕೊಂಡ. ಎರಡೆರಡು ಮೆಟ್ಟಿಲು ಹಾರಿ ಬೀದಿಗಿಳಿದ. ಚಹಾದಂಗಡಿಯ ಮುಂದೆ ನಿಲ್ಲಲಿಲ್ಲ. ಆ ಮೆಟ್ಟಿಲನ್ನು ಮತ್ತೆ ಹತ್ತಲೂ ಇಲ್ಲ.