ಯಾರೂ ಇರದ ಬಯಲು

"ಇದು ನೀವೇ ಬರೆದಿದ್ದಲ್ವಾ, ಮೇಷ್ಟ್ರೇ?" ಪಾಲಿಕೆಯ ಇಂಜಿನಿಯರ್ ವಿಜಯಕುಮಾರ್ ಬಡಾವಣೆಯ ಸ್ಮರಣ ಸಂಚಿಕೆಯನ್ನು ಎತ್ತಿ ಹಿಡಿದು ಕೇಳಿದ.

ವಾರ್ಡ್ ಸಭೆಯಲ್ಲಿ ಕೂತಿದ್ದವರೆಲ್ಲ ಮುರುಗೇಶಪ್ಪನವರತ್ತ ತಿರುಗಿದರು. ವಿದ್ಯಾನಗರದಾಚೆಯ ಈ ಗುರುಕೃಪಾ ಬಡಾವಣೆಗೆ ಇಪ್ಪತ್ತೈದು ವರ್ಷ ತುಂಬಿದಾಗ ಅದರ ಇತಿಹಾಸ ಬರೆದುಕೊಟ್ಟ ನಿವೃತ್ತ ಕನ್ನಡ ಮೇಷ್ಟ್ರು ಅವರೇ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಗಿತ್ತು. ಮೇಷ್ಟ್ರು ಆ ಗುಂಗಿನಿಂದ ಇನ್ನೂ ಇಳಿದಿರಲಿಲ್ಲ.

"ಹೌದು, ನಂದೇ."

"ಲಿಖಿತ ಆಧಾರ ಅಂತ ನಮ್ಮತ್ರ ಇರೋದು ಇದೊಂದೇ," ಎಂದು ವಿಜಯಕುಮಾರ್ ಗಟ್ಟಿಯಾಗಿ ಓದಿದ: "ನಾವಿಲ್ಲಿ ಕಾಲಿಟ್ಟಾಗ ನರಪಿಳ್ಳೆಯೂ ಇರಲಿಲ್ಲ. ಬರಡು ಬಯಲು, ಮೇಲೆ ಆಕಾಶ, ಕೆಳಗೆ ನಾವು."

ಬಾಗಿಲ ಬಳಿ ಜಲೀಲ್ ನಿಂತಿದ್ದ. ಪಾರ್ಕಿಗೆ ಬಿಟ್ಟ ಜಾಗದ ಮೂಲೆಯಲ್ಲಿರುವ ಅವನ ಸೈಕಲ್ ಶಾಪು ಬಡಾವಣೆಗಿಂತ ಹಳೆಯದು. ಅದು ಸಾಬೀತಾದರೆ ಅಂಗಡಿ ಉಳಿಯುತ್ತಿತ್ತು, ಇಲ್ಲದಿದ್ದರೆ ಒತ್ತುವರಿ. ಇದ್ದ ಕಾಗದವನ್ನು ಗೆದ್ದಲು ತಿಂದಿತ್ತು.

"ನರಪಿಳ್ಳೆಯೂ ಇರ್ಲಿಲ್ವಂತೆ ಸಾಬ್ರೇ, ನೀವೇನು ದೆವ್ವನಾ?" ಎಂದರು ಯಾರೋ. ಸಭೆ ಗೊಳ್ಳೆಂದಿತು. ಮೇಷ್ಟ್ರ ತುಟಿಯೂ ಅರಳಿತು, ಹಾಳಾದ್ದು.

"ಮೇಷ್ಟ್ರೇ, ನೀವೇ ಹೇಳಿ," ಎಂದ ಜಲೀಲ್. "ನಿಮ್ಮನೆ ಗುದ್ದಲಿ ಪೂಜೆ ದಿನ ಸೈಕಲ್ ಪಂಚರ್ ಆಗಿತ್ತಲ್ಲ, ಹಾಕಿದ್ದು ಯಾರು? ಪೂಜೆಗೆ ನೀರು ಕೊಟ್ಟಿದ್ದು ಯಾರು?"

ಬರೆಯುವಾಗಲೂ ಅದು ನೆನಪಾಗಿತ್ತು. ಪಂಚರ್ ಶೆಡ್ಡು ತಂದರೆ ಬಯಲು ಬಯಲಾಗಿ ಉಳಿಯುವುದಿಲ್ಲ, ವಾಕ್ಯದ ಅಂದ ಕೆಡುತ್ತದೆ ಎಂದು ಬಿಟ್ಟಿದ್ದರು. ಈಗ ಎದ್ದು ಅದು ಸುಳ್ಳು ಎನ್ನುವುದು ಹೇಗೆ? ಶಾಲು ಹೊದಿಸಿದವರೆಲ್ಲ ಎದುರಿಗೇ ಕೂತಿದ್ದರು. ಮೇಷ್ಟ್ರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

"ಅಷ್ಟು ಹಿಂದಿಂದೆಲ್ಲ ಎಲ್ಲಿ ನೆನಪಿರುತ್ತೆ ಮಾರಾಯ," ಎಂದರು. "ಬರೆದಿದ್ದು ಬರೆದ ಹಾಗೇ ಇರ್ಲಿ."

ಜಲೀಲ್ ಬೈಯಲಿಲ್ಲ. ಅವರನ್ನೊಮ್ಮೆ ನೋಡಿ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಸೋಮವಾರ ಬೆಳಗ್ಗೆ ಜೆಸಿಬಿ ಬಂತು. ಮೇಷ್ಟ್ರು ತಮ್ಮ ಕಾಂಪೌಂಡಿನ ಒಳಗೇ ನಿಂತು ನೋಡಿದರು. ತಗಡಿನ ಮಾಡು ಮಡಚಿ ಬಿತ್ತು. ಟೈರು, ರಿಮ್ಮು, ಗಾಳಿ ಹೊಡೆಯುವ ಪಂಪು ಎಲ್ಲವನ್ನೂ ಆಳುಗಳು ಟ್ರ್ಯಾಕ್ಟರಿಗೆ ಎಸೆದರು. ಕೊನೆಗೆ ಒಂದು ಹಸಿರು ಸೈಕಲ್ಲನ್ನೂ ಎಸೆದರು. ಅದು ಸಭೆಯ ಹಿಂದಿನ ದಿನ ಮೇಷ್ಟ್ರು ಬ್ರೇಕ್ ರಿಪೇರಿಗೆಂದು ಬಿಟ್ಟು ಬಂದಿದ್ದ ಅವರದೇ ಸೈಕಲ್ಲು. ಗೇಟಿನ ಚಿಲಕಕ್ಕೆ ಕೈ ಹಾಕಿ ಹಿಂದಕ್ಕೆ ತೆಗೆದುಕೊಂಡರು.

ಜಲೀಲ್ ಟ್ರ್ಯಾಕ್ಟರ್ ಹತ್ತಿ, ಆಳುಗಳ ಜೊತೆ ಜಗಳವಾಡಿ ಅದೊಂದನ್ನು ಇಳಿಸಿಕೊಂಡ. ತಳ್ಳಿಕೊಂಡು ಮೇಷ್ಟ್ರ ಗೇಟಿನವರೆಗೆ ತಂದ. ಹೆಗಲ ಮೇಲಿನ ಟವಲ್ಲಿನಿಂದ ಸೀಟಿನ ಧೂಳು ಒರೆಸಿ, ಬ್ರೇಕನ್ನು ಎರಡು ಸಲ ಹಿಡಿದು ನೋಡಿದ.

"ಸರಿಯಾಗಿದೆ ಮೇಷ್ಟ್ರೇ," ಎಂದು ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಹೋದ.