ಕಡಿಯದ ಗೆರೆ

ಶಾಕೀರ ಕಂಪ್ಯೂಟರಿನ ವೈರು ಕೀಳಲು ಬಗ್ಗಿದ್ದ. ಮೂಲೆಯಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದ ಮಲಕಾಜಪ್ಪನ ಹೆಣದ ಹಣೆಯ ವಿಭೂತಿ ಇನ್ನೂ ಒಣಗಿರಲಿಲ್ಲ.

"ಲಗೂನ ಬಿಚ್ಚೋ. ಸಂಜೀಕ ಯರಗಟ್ಟ್ಯಾಗ ಮದಿವಿ ಐತಿ," ಎಂದ ಜಟ್ಟೆಪ್ಪ.

ಲೇಸರು, ಕಂಪ್ಯೂಟರು ಎರಡೂ ಅವನ ಸೌಂಡು-ಲೈಟಿನ ಅಂಗಡಿಯವು. ಹೊಸ ಆಪರೇಟರ್ ಬಂದು ಮಲಕಾಜಪ್ಪ ಬರೆದಿಟ್ಟದ್ದನ್ನೆಲ್ಲ ಅಳಿಸಿ ತನ್ನದು ತುಂಬುವವನಿದ್ದ. ಹೆಣ ಎತ್ತುವ ತನಕ ತಡೆಯುವ ಪುಣ್ಯಾತ್ಮನಲ್ಲ ಜಟ್ಟೆಪ್ಪ.

ಬೈಲಹೊಂಗಲದ ಮಲಕಾಜಪ್ಪನ ಬಾಡಿಗೆ ಖೋಲಿಗೆ ಬಂದಿದ್ದವರು ಹತ್ತೇ ಮಂದಿ. ಆರು ವರ್ಷ ಊರೂರಿನ ವಧೂವರರ ಹೆಸರನ್ನು ಗೋಡೆಯ ಮೇಲೆ ಹೊಳೆಯಿಸಿದವನಿಗೆ ಹತ್ತೇ ಮಂದಿ! ಅವನನ್ನೂ ಲೇಸರನ್ನೂ ಹೊತ್ತು ಟೆಂಪೋ ಓಡಿಸುತ್ತಿದ್ದ ಶಾಕೀರ ವೈರು ಬಿಟ್ಟು ಬಂದವರನ್ನು ಮತ್ತೊಮ್ಮೆ ಎಣಿಸಿದ.

ಮಲಕಾಜಪ್ಪನ ಅಕ್ಕ ಬಾಯವ್ವ ರಾಮದುರ್ಗದಿಂದ ಬಂದವಳು ಕುರ್ಚಿಯ ಮಗ್ಗುಲು ಬಿಟ್ಟಿರಲಿಲ್ಲ.

"ತಮ್ಮಾ, ಇವ ಇದರಾಗ ಏನ ಮಾಡತಿದ್ದ? ಹಬ್ಬಕ್ಕೂ ಊರಿಗೆ ಬರಲಿಲ್ಲ. ಕೇಳಿದ್ರ ಗೆರಿ ತಗ್ಯಾಕ ಹತ್ತೇನಿ ಅಂತಿದ್ದ," ಎಂದಳು ಶಾಕೀರನಿಗೆ.

*

ಹೋದ ವರ್ಷ, ಕಿತ್ತೂರಿನ ಒಂದು ಮದುವೆ. ಮಲಕಾಜಪ್ಪ ಹೊಸ ಗೆರೆ ಓಡಿಸಿದ. ಲೇಸರಿನಲ್ಲಿ ಇರುವುದು ಒಂದೇ ಚುಕ್ಕೆ. ಕಣ್ಣಿಗೆ ಸಿಗದಷ್ಟು ಬೇಗ ಓಡಿದಾಗ ಅದೇ ಗೆರೆ. ಹೆಸರು ಬರೆಯಲು ಅಕ್ಷರ ಅಕ್ಷರಕ್ಕೂ ಬೆಳಕನ್ನು ಕಡಿಯಬೇಕು. ಈ ಹೊಸ ಗೆರೆಯಲ್ಲಿ ಎಲ್ಲೂ ಕಡಿತವಿಲ್ಲ. ಕಂಪ್ಯೂಟರಿನಲ್ಲಿ ಒಂದು ಸುತ್ತು ಬರೆದು, ಅದನ್ನು ತಿರುಚಿ, ಅದಕ್ಕೆ ಅಲೆ ಕೂಡಿಸಿ, ಬೇಡವೆಂದು ಅಳಿಸಿ ಎಂಟು ತಿಂಗಳು ಒಬ್ಬನೇ ಕೂತಿದ್ದ. ಗೆರೆ ಬಿಚ್ಚಿಕೊಂಡು ಮತ್ತೆ ತನ್ನೊಳಗೇ ಹೊಗಲು ನಾಲ್ಕು ನಿಮಿಷ ಬೇಕು.

ಅರ್ಧ ನಿಮಿಷಕ್ಕೇ ಬೀಗರ ಕಡೆಯಿಂದ ಕೂಗು ಬಂತು: "ಏ ಲೇಸರ್‌ನವರ, ಗೆರಿ ಸಾಕ್ರಿ, ಹೆಸರು ಬರ್ಲಿ!"

ಹೆಸರು ಬಂತು, ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಒಂದು ಕೂಸು ಯಂತ್ರದ ಎದುರಿಗೇ ಬಂದುಬಿಟ್ಟಿತು. ಮಲಕಾಜಪ್ಪ ಥಟ್ಟನೆ ಅಂಗೈ ಅಡ್ಡ ಹಿಡಿದ.

"ಬಂದ್ ಮಾಡಾಕ ತಡ ಆಗತೈತಿ. ಮೊದಲ ಕೈ ಅಡ್ಡ ಇಡು," ಎಂದ, ಬೀಡಿ ಮುಗಿಸಿ ಆಗಷ್ಟೇ ಒಳಗೆ ಬಂದ ಶಾಕೀರನಿಗೆ. "ಕಣ್ಣು ಹೋದ್ರ ತಿರುಗಿ ಬರೂದಿಲ್ಲ."

ವಾಪಸು ಬರುವಾಗ ಟೆಂಪೋದಲ್ಲಿ ಒಂದೇ ಮಾತಾಡಿದ. "ನಾಕ ನಿಮಿಷ ಪೂರ್ತಿ ಒಬ್ಬರರೆ ನೋಡಬೇಕಲೇ."

*

ಶಾಕೀರನೂ ನೋಡಿರಲಿಲ್ಲ. ಗೆರೆ ಶುರುವಾದಾಗಲೆಲ್ಲ ಅವನು ಹೊರಗೆ ಬೀಡಿ ಹಚ್ಚುತ್ತಿದ್ದ.

"ಸಾವಕಾರ್ರ, ನಾಕ ನಿಮಿಷ ಕೊಡ್ರಿ," ಎಂದವನು ಉತ್ತರಕ್ಕೆ ಕಾಯದೆ ಕಿಟಕಿ ಮುಚ್ಚಿ, ಕಂಪ್ಯೂಟರಿನಲ್ಲಿ ಆ ಗೆರೆ ಶುರು ಮಾಡಿದ.

ಲೋಬಾನದ ಹೊಗೆಯನ್ನು ಸೀಳಿ ಹಸಿರು ಗೆರೆ ಎದುರುಗೋಡೆಗೆ ಹಬ್ಬಿತು. ಹೆಣದ ಮುಂದೆ ನಡೆದಿದ್ದ ಭಜನೆ ನಿಂತಿತು. ಒಂದು ನಿಮಿಷ, ಎರಡು ನಿಮಿಷ. ಬಾಯವ್ವ ರೆಪ್ಪೆ ಬಡಿಯದೆ ನೋಡುತ್ತಿದ್ದಳು.

"ಹೆಸರು ಯಾವಾಗ ಬರತೈತಿ?"

ಶಾಕೀರ ತಲೆ ಅಲ್ಲಾಡಿಸಿದ. "ಇದರಾಗ ಹೆಸರಿಲ್ಲ ಯಕ್ಕಾ. ಇಷ್ಟ."

"ಹಂಗಿದ್ರ ನಡೀಲಿ ಬಿಡಪಾ."

ಮೂರು ನಿಮಿಷವಾಗಿತ್ತು. "ಹೊತ್ತಾತು, ಎತ್ತರಿ," ಎಂದ ಜಟ್ಟೆಪ್ಪ. ನಾಲ್ವರು ಕುರ್ಚಿ ಸಮೇತ ಮಲಕಾಜಪ್ಪನನ್ನು ಎತ್ತಿಕೊಂಡು ಬಾಗಿಲಿಗೆ ತಿರುಗಿದರು. ಅವನ ಮುಖ ಯಂತ್ರದ ಎದುರಿಗೇ ಬಂತು.

ಶಾಕೀರ ಥಟ್ಟನೆ ಅಂಗೈ ಅಡ್ಡ ಹಿಡಿದ.

ಕುರ್ಚಿ ದಾಟಿಹೋಯಿತು. ಅವನಿಗೆ ಕೈ ತೆಗೆಯಲಾಗಲಿಲ್ಲ. ಗೋಡೆಯ ಮೇಲಿದ್ದದ್ದೆಲ್ಲ ಅವನ ಅಂಗೈಯಲ್ಲಿ ರೂಪಾಯಿಯಷ್ಟಗಲ ಸುತ್ತುತ್ತಿತ್ತು. ಬಾಯವ್ವ ಹೆಣದ ಹಿಂದೆ ಹೋಗದೆ ಆ ಅಂಗೈಯ ಮೇಲೆ ಬಗ್ಗಿದಳು. ಗೆರೆ ತನ್ನೊಳಗೇ ಹೊಕ್ಕು, ಕಿರಿದಾಗಿ, ಕೊನೆಗೆ ಒಂದು ಚುಕ್ಕೆಯಾಗಿ ನಿಂತಿತು. ಅಂಗೈ ಚುರ್ರೆಂದಿತು. ಅವನು ಕೈ ಕದಲಿಸಲಿಲ್ಲ.